ಗೂಡ್ಸ್ ಡಬ್ಬಿಯ ಬಾಗಿಲು

ಗೋಕಾಕದ ಕೇದಾರಿ ಚಿತ್ರಗಾರನ ಅಪ್ಪ ಮಾಡಿದ ಕಟ್ಟಿಗೆಯ ಪೇರಲ ಹಣ್ಣನ್ನು ಒಮ್ಮೆ ಬೀಗರೊಬ್ಬರು ಕಚ್ಚಿ ಹಲ್ಲು ಅಲುಗಿಸಿಕೊಂಡಿದ್ದರು. ಆ ಹಣ್ಣು ಇನ್ನೂ ಮನೆಯ ಗೋಡೆಯ ಗೂಡಿನಲ್ಲಿ ಕೂತಿದೆ, ಹಲ್ಲಿನ ಗುರುತು ಸಮೇತ. ಮನೆಗೆ ಬಂದವರಿಗೆ ಅದನ್ನು ತೋರಿಸದೆ ಕೇದಾರಿ ಚಹಾ ಕೊಟ್ಟದ್ದಿಲ್ಲ. ತಲೆತಲಾಂತರದಿಂದ ಅವರದು ಆಟಿಕೆ ಮಾಡುವ ಕಸಬು. ಬಾಳೆಗೊನೆ, ಬದನೆಕಾಯಿ, ಗಿಳಿ, ಗೌಳಿಗಿತ್ತಿ. ನೋಡಿದವರು ಮೋಸ ಹೋಗಬೇಕು, ಅದೇ ಅವರ ಬಿರುದು.

ಹೋದ ವರ್ಷ ಅಂಥವನ ಕೈಕೆಲಸವನ್ನು ಘಟಪ್ರಭಾದಲ್ಲಿ ಆಟಿಕೆಯ ಮೇಜಿಗೆ ಹಾಕಿದರು.

ಅಲ್ಲಿ ಸ್ಟೇಷನ್ನಿನ ಹತ್ತಿರದ ಮಂಗಲ ಕಾರ್ಯಾಲಯದಲ್ಲಿ ರೈಲಿನ ಹುಚ್ಚಿನವರ ಬಳಗವೊಂದು ವರ್ಷಕ್ಕೊಮ್ಮೆ ಪ್ರದರ್ಶನ ಇಡುತ್ತದೆ. ಬೆಳಗಾವಿ, ಮಿರಜ, ಹುಬ್ಬಳ್ಳಿಯಿಂದ ಜನ ತಮ್ಮ ತಮ್ಮ ಪುಟ್ಟ ಇಂಜಿನ್ನು, ಪುಟ್ಟ ಡಬ್ಬಿಗಳನ್ನು ಅರಿವೆಯಲ್ಲಿ ಸುತ್ತಿಕೊಂಡು, ಕೂಸನ್ನು ತಂದ ಹಾಗೆ ತರುತ್ತಾರೆ. ಸಭಾಂಗಣದ ಒಂದು ಬದಿಗೆ ಹಗ್ಗ ಕಟ್ಟಿರುತ್ತಾರೆ. ಹಗ್ಗದ ಒಳಗಿನವು ಮಾದರಿಗಳು. ಅಸಲು ಗಾಡಿಯನ್ನು ಅಳೆದು, ಮೂವತ್ತೆರಡು ಪಾಲಿನಲ್ಲಿ ಒಂದು ಪಾಲಿಗೆ ಇಳಿಸಿ, ಇಂಥ ವರ್ಷದಲ್ಲಿ ಇದು ಹೀಗೇ ಇತ್ತು ಎಂದು ಆಧಾರ ತೋರಿಸಿದಂಥವು. ಹಗ್ಗದ ಹೊರಗಿನವು ಆಟಿಕೆಗಳು. ಅವನ್ನು ಯಾರು ಬೇಕಾದರೂ ಮುಟ್ಟಬಹುದು.

ಕೇದಾರಿ ಒಯ್ದದ್ದು ಮೀಟರ್ ಗೇಜಿನ ಗೂಡ್ಸ್ ಡಬ್ಬಿ. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಘಟಪ್ರಭಾಕ್ಕೆ ಹೋದಾಗ ಕಂಡದ್ದು. ಈಗ ಆ ಸಣ್ಣ ಹಳಿಯೂ ಇಲ್ಲ, ಆ ಡಬ್ಬಿಗಳೂ ಇಲ್ಲ. ನೆನಪಿನಿಂದಲೇ ಕೆತ್ತಿ, ನಯ ಮಾಡಿ, ಕೆಂಪು ಬಣ್ಣ ಬಳಿದು, ಮುಖ ಕಾಣುವಷ್ಟು ಮೆರುಗು ಕೊಟ್ಟು ಒಯ್ದಿದ್ದ.

ಬಳಗದ ಪರೀಕ್ಷಕರು ರೈಲ್ವೆಯಲ್ಲಿ ಇಂಜಿನಿಯರಾಗಿ ನಿವೃತ್ತರಾದವರು, ಮಾತು ಮೆತ್ತಗೆ. ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಚಿತ್ರಗಾರ್ರ, ಭಾಳ ಚಂದ ಐತ್ರಿ. ಆದ್ರ ಯಾವ ಡಬ್ಬಿ ಇದು?"

"ಗೂಡ್ಸ್ ಡಬ್ಬಿರಿ."

"ಅದ ಖರೆ. ಯಾವ ನಮೂನೀದು? ಯಾವ ವರ್ಷದ್ದು? ಅಳತಿ ಎಲ್ಲಿ ತಗೊಂಡ್ರಿ?"

"ಅಳತಿ ಕಣ್ಣಾಗ ಐತ್ರಿ."

"ಕಣ್ಣಾಗಿಂದು ನಮಗ ಆಧಾರ ಆಗೂದಿಲ್ರಿ," ಎಂದು ಅವರು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೋಗಿ ಹಗ್ಗದ ಹೊರಗೆ, ಒಂದು ಪ್ಲಾಸ್ಟಿಕ್ ಬಸ್ಸಿನ ಪಕ್ಕ ಇಟ್ಟರು.

ಮಕ್ಕಳು ಮುಗಿಬಿದ್ದರು. ಸಂಜೆ ಹೊತ್ತಿಗೆ ಒಂದು ಗಾಲಿ ಕಳಚಿತ್ತು. ಕೇದಾರಿ ಅದನ್ನು ಜೇಬಿಗೆ ಹಾಕಿಕೊಂಡು ಗೋಕಾಕದ ಬಸ್ಸು ಹತ್ತಿದ.

"ಏನಂದ್ರು?" ಹೆಂಡತಿ ಯಲ್ಲವ್ವ ಕೇಳಿದಳು.

"ಆಟಿಗಿ ಅಂದ್ರು."

"ಮತ್ತ ನಾವು ಮಾಡೂದು ಆಟಿಗಿನ ಅಲ್ಲೇನ್ರಿ? ಅದ್ರಾಗ ಮಾರಿ ಸಣ್ಣ ಮಾಡ್ಕೊಳ್ಳೂದು ಏನೈತಿ?"

"ಆಟಿಗಿ ಅಂತ ಒಯ್ದಿದ್ರ ಆಟಿಗಿ. ನಾ ಡಬ್ಬಿ ಅಂತ ಒಯ್ದಿದ್ನಿ."

ಅಂದಿನಿಂದ ಅವನಿಗೆ ಒಂದೇ ಧ್ಯಾಸ. ಬರುವ ವರ್ಷ ತನ್ನ ಡಬ್ಬಿ ಹಗ್ಗದ ಒಳಗೆ ಇರಬೇಕು.

ಅಸಲು ಡಬ್ಬಿಯನ್ನು ಹುಡುಕುವುದು ಸುಲಭವಿರಲಿಲ್ಲ. ಬಳಗದವರಲ್ಲಿ ನಕ್ಷೆಗಳಿದ್ದವು, ಆದರೆ ಅವು ಬೇರೆ ನಮೂನೆಯ ಡಬ್ಬಿಗಳವು. ಘಟಪ್ರಭಾದಲ್ಲಿ ಹತ್ತಿ ತುಂಬುತ್ತಿದ್ದ ಡಬ್ಬಿಯದೆಂದು ಹೇಳುವ ಒಂದೇ ಒಂದು ಫೋಟೊ ಸಿಕ್ಕಿತು. ಅದರಲ್ಲಿಯೂ ಬಾಗಿಲಿಗೆ ಅಡ್ಡಲಾಗಿ ಒಬ್ಬ ದಪ್ಪ ಮನುಷ್ಯ ಧೋತರ ಉಟ್ಟುಕೊಂಡು ನಿಂತಿದ್ದ.

"ಈ ಪುಣ್ಯಾತ್ಮ ಒಂಚೂರು ಬಾಜೂಕ ಸರದಿದ್ರ ನನ್ನ ಕೆಲಸ ಆಗ್ತಿತ್ತು," ಎಂದು ಕೇದಾರಿ ಫೋಟೊಕ್ಕೆ ಬೈದ.

ಯಾರೋ ಮೂಡಲಗಿಯ ದಾದೇಸಾಬನ ಹೆಸರು ಹೇಳಿದರು. ವಯಸ್ಸಿನಲ್ಲಿ, ಎಪ್ಪತ್ತರ ಸುಮಾರಿಗೆ, ಘಟಪ್ರಭಾದ ಗೂಡ್ಸ್ ಶೆಡ್ಡಿನಲ್ಲಿ ಹಮಾಲಿ ಮಾಡಿದವನು. ಕೇದಾರಿ ಮೂಡಲಗಿಗೆ ಹೋದಾಗ ಮುದುಕ ಮನೆಯ ಕಟ್ಟೆಯ ಮೇಲೆ ಬಿಸಿಲು ಕಾಯುತ್ತ ಕೂತಿದ್ದ.

"ಡಬ್ಬಿ ನೋಡಾಕ ನನ್ನ ಕಡೆ ಬಂದಿಯೇನೋ ತಮ್ಮಾ? ನಾ ಡಬ್ಬಿ ಎಲ್ಲಿ ನೋಡೀನಿ. ಬೆನ್ನ ಮ್ಯಾಲ ಹತ್ತಿ ಅಂಡಗಿ ಇದ್ದಾವಗ ಕಾಣೂದು ತನ್ನ ಕಾಲ ಅಷ್ಟ."

"ಬಣ್ಣರ ನೆನಪೈತೇನ್ರಿ ಕಾಕಾ?"

"ಕೆಂಪ." ಕೇದಾರಿ ಒಯ್ದಿದ್ದ ಹೋದ ವರ್ಷದ ಡಬ್ಬಿಯನ್ನು ಮುದುಕ ಕಣ್ಣ ಹತ್ತಿರ ಹಿಡಿದು ನೋಡಿದ. "ಆದ್ರ ಈ ಟೊಮ್ಯಾಟೊ ಕೆಂಪ ಅಲ್ಲ. ಸುಟ್ಟ ಇಟ್ಟಂಗಿ ಇರತೈತಲಾ, ಅದರ ಮ್ಯಾಲ ಒಂದು ಬ್ಯಾಸಗಿ ಧೂಳಾ ಕುಂತಂಗ. ಇದೇನು ಮದಿವಿಗೆ ಹೊಂಟೈತೇನ ಇಷ್ಟು ಮಿಂಚಾಕ?"

"ಬಾಗಲಾ?"

"ಎರಡು ಹೋಳಿಂದು. ಹೊರಗ ತೆರೀತಿತ್ತು. ಅದರ ಬುಡಾ ಹಳಿಯಿಂದ ನನ್ನ ಎದಿ ಮಟಾ." ಎದೆ ಮುಟ್ಟಿಕೊಂಡು ನಕ್ಕ. "ಆಗಿನ ಎದಿ ಮತ್ತ. ಈಗ ನಾ ಕುಗ್ಗೀನಿ, ಇದನ್ನ ಅಳೀಬ್ಯಾಡ."

ಎದ್ದು ಹೊರಡುವಾಗ ಮುದುಕನೇ ಕರೆದು ಹೇಳಿದ. ಸಣ್ಣ ಹಳಿ ಕಿತ್ತು ದೊಡ್ಡ ಹಳಿ ಹಾಕಿದ ಮೇಲೆ ಹಳೆಯ ಡಬ್ಬಿಗಳೆಲ್ಲ ಲಿಲಾವಿಗೆ ಹೋದವು. ಗಾಲಿ ಬಿಚ್ಚಿ ಬರಿ ಪೆಟ್ಟಿಗೆಯನ್ನು ಮಾರಿದರು. ಅದರಲ್ಲಿ ಒಂದನ್ನು ಹತ್ತರಗಿಯ ಕಡೆಯ ಒಬ್ಬ ರೈತ ಹೊಲದಲ್ಲಿ ಇಟ್ಟುಕೊಳ್ಳಲು ಒಯ್ದಿದ್ದ. ಆ ರೈತ ತೀರಿಕೊಂಡನಂತೆ. ಡಬ್ಬಿ ಏನಾಯಿತೋ.

ಡಬ್ಬಿ ಇತ್ತು. ಹುಕ್ಕೇರಿ ತಾಲೂಕಿನ ಹತ್ತರಗಿಯಲ್ಲಿ ಹೈವೇ ಬಿಟ್ಟು ಒಳಗೆ ನಡೆದರೆ ಕಬ್ಬಿನ ಹೊಲದ ಅಂಚಿಗೆ, ಬೇವಿನ ಮರದ ಬುಡಕ್ಕೆ, ಕಲ್ಲಿನ ಅಡಿಪಾಯದ ಮೇಲೆ ಕೂತಿತ್ತು. ಹಸಿರು ಬಣ್ಣ ಬಳಿದಿದ್ದರು. ಕೇದಾರಿ ದೂರದಲ್ಲಿಯೇ ನಿಂತುಬಿಟ್ಟ. ಬಣ್ಣ ಯಾವುದಾದರೇನು, ಆ ಚಾವಣಿಯ ಬಾಗು ಅವನಿಗೆ ಗೊತ್ತಿತ್ತು.

"ಯಾರಪಾ ಅದು?" ಒಳಗಿನಿಂದ ಹೆಣ್ಣು ದನಿ ಕೇಳಿತು. ದುಂಡವ್ವ. ಡಬ್ಬಿ ಕೊಂಡ ರೈತನ ಹೆಂಡತಿ, ಎಪ್ಪತ್ತು ದಾಟಿದವಳು. ಹತ್ತಿರದಲ್ಲೇ ಮಗನ ಆರ್‌ಸಿಸಿ ಮನೆ ಇತ್ತು. ಆದರೂ ಹಗಲೆಲ್ಲ ಅವಳು ಇಲ್ಲಿಯೇ.

ಬಂದ ಕಾರಣ ಕೇಳಿ ಅವಳಿಗೆ ನಗು ತಡೆಯಲಿಲ್ಲ. "ಜನಾ ಗುಡಿ ನೋಡಾಕ ಬರತಾರ, ಡ್ಯಾಮ ನೋಡಾಕ ಬರತಾರ. ನೀ ನನ್ನ ಡಬ್ಬಿ ನೋಡಾಕ ಬಂದಿ! ಬಾ, ಒಳಗ ಬಾ. ಮೊದಲ ಮಜ್ಜಗಿ ಕುಡಿ."

ಕೇದಾರಿ ಚಪ್ಪಲಿ ಕಳಚಿ, ಹೊಸ್ತಿಲು ದಾಟಿ ಬಲಗಾಲಿಟ್ಟು ಒಳಗೆ ಹೋದ.

ಒಳಗೆ ಒಲೆಯ ಹೊಗೆಯಿಂದ ಚಾವಣಿ ಕಪ್ಪಾಗಿತ್ತು. ಮದುವೆಯಾಗಿ ಬಹಳ ವರ್ಷ, ತುಂಬಿದ ಮನೆಯಲ್ಲಿ ನಾದಿನಿಯರ ನಡುವೆ ಬದುಕಿದ ದುಂಡವ್ವ, ಗಂಡನ ಜೊತೆ ಬೇರೆ ಬಂದು ಮೊದಲು ಒಲೆ ಹೂಡಿದ್ದು ಈ ಡಬ್ಬಿಯಲ್ಲಿ. ಹಿಂದಿನ ಬದಿಗೆ ಈಗ ದನದ ಕೊಟ್ಟಿಗೆಯ ಗೋಡೆ ಎದ್ದಿತ್ತು. ಆ ಬದಿಯ ಬಾಗಿಲನ್ನು ಕಿತ್ತು ತಗಡು ಬಡಿದಿದ್ದರು. ಉಳಿದದ್ದು ಮುಂದಿನ ಬಾಗಿಲೊಂದೇ. ಕೇದಾರಿ ಅದನ್ನು ಕುಂತು, ನಿಂತು, ಮಲಗಿ ಅಳೆದ. ಪ್ರತಿ ತಗಡು, ಪ್ರತಿ ಪಟ್ಟಿ, ಪ್ರತಿ ರಿವೀಟು. ಫೋಟೊ ತೆಗೆದ. ಮತ್ತೆ ಮತ್ತೆ ಬಂದ. ಪ್ರತಿ ಸಲವೂ ದುಂಡವ್ವ ಮಜ್ಜಿಗೆ ಕೊಟ್ಟು, "ಇನ್ನೂ ಮುಗೀಲಿಲ್ಲೇನೋ? ಹೆಣ್ಣು ನೋಡಾಕ ಬಂದಾವರೂ ಇಷ್ಟು ನೋಡೂದಿಲ್ಲ," ಅನ್ನುತ್ತಿದ್ದಳು.

ಆಮೇಲೆ ಮನೆಯಲ್ಲಿ ಕೆಲಸ ನಡೆಯಿತು. ಒಂದು ಗೇಣಿಗಿಂತ ಸ್ವಲ್ಪ ಕಿರಿದಾದ ಡಬ್ಬಿ. ಈ ಸಲ ಮೆರುಗು ಇಲ್ಲ. ಚಾವಣಿಯ ಬಾಗನ್ನು ಕಾಗದದ ಅಚ್ಚಿನ ಮೇಲೆ ಹಿಡಿದು ಹಿಡಿದು ಉಜ್ಜಿದ. ರಿವೀಟುಗಳದೇ ದೊಡ್ಡ ತೊಡಕಾಯಿತು. ಅಷ್ಟು ಚಿಕ್ಕ ಗುಂಡು ತಲೆಗಳನ್ನು ಯಾವುದರಿಂದ ಮಾಡುವುದು? ಸುಣ್ಣ ಕಲಸಿ ಚುಕ್ಕೆ ಇಟ್ಟರೆ ಹರಡುತ್ತಿತ್ತು. ಕೊನೆಗೆ ಅಡುಗೆಮನೆಗೆ ಹೋಗಿ ಗಸಗಸೆಯ ಡಬ್ಬ ತಂದ. ಹುಣಸೆ ಬೀಜದ ಅಂಟಿನಲ್ಲಿ ಒಂದೊಂದೇ ಕಾಳನ್ನು ಸೂಜಿಯ ಮೊನೆಯಿಂದ ಕೂರಿಸಿದ. ಮೇಲೆ ಬಣ್ಣ ಬಿದ್ದ ಮೇಲೆ ಕಬ್ಬಿಣದ ರಿವೀಟೇ.

"ಗಸಗಸಿ ಪಾಯಸಾ ಮಾಡೂನು ಅಂದ್ರ ಡಬ್ಬಿ ಖಾಲಿ," ಯಲ್ಲವ್ವ ಗೊಣಗಿದಳು. "ರೈಲಿಗೆ ಉಣಸೀರಿ ಎಲ್ಲಾ."

ಬಳಗದ ನಿಯಮದಂತೆ ಅಳತೆ, ಫೋಟೊಗಳನ್ನು ಮೊದಲೇ ಕಳಿಸಬೇಕಿತ್ತು. ಕಳಿಸಿದ. ಪರೀಕ್ಷಕರು ಫೋನು ಮಾಡಿದರು. "ಚಿತ್ರಗಾರ್ರ, ಎಲ್ಲಿ ಹುಡುಕಿದ್ರಿ ಇದನ್ನ? ನಾವು ಮೂರೂ ಮಂದಿ ಪರೀಕ್ಷಕರು ನೋಡಿದ್ವಿ. ಆಧಾರ ಗಟ್ಟಿ ಅದಾವ. ಫೋಟೊದಾಗ ಇದ್ದಂಗ ಮಾಡಿ ತರ್ರಿ, ಹಗ್ಗದ ಒಳಗ ಜಾಗಾ ಇಡತೀವಿ."

ಕೇದಾರಿ ಅಂದು ಓಣಿಯಲ್ಲಿ ಸುಮ್ಮನೆ ಒಂದು ಸುತ್ತು ಹಾಕಿ ಬಂದ.

ಪ್ರದರ್ಶನಕ್ಕೆ ಇನ್ನೊಂದು ವಾರವಿತ್ತು. ಶುಕ್ರವಾರ. ಯಲ್ಲವ್ವ ಬೆಳಿಗ್ಗೆ ಎದ್ದು ಹೊಸ್ತಿಲು ತೊಳೆದು, ಅರಿಷಿಣ ಹಚ್ಚಿ, ಕುಂಕುಮ ಇಟ್ಟಳು. ತಲೆಬಾಗಿಲಾಯಿತು, ಅಡುಗೆಮನೆಯದಾಯಿತು, ದೇವರ ಮನೆಯದಾಯಿತು. ಪಡಸಾಲೆಯ ಮಣೆಯ ಮೇಲೆ ಡಬ್ಬಿ ಒಣಗುತ್ತ ಕೂತಿತ್ತು. ಬೆರಳಲ್ಲಿ ಚೂರು ಅರಿಷಿಣ ಉಳಿದಿತ್ತು. ನಗುತ್ತ ಬಗ್ಗಿ ಡಬ್ಬಿಯ ಬಾಗಿಲ ಕೆಳಗೂ ಒಂದು ಬೊಟ್ಟು ಇಟ್ಟಳು.

"ನೋಡ್ರಿ, ನಿಮ್ಮ ರೈಲಿಂದೂ ಹೊಸ್ತಿಲ ಪೂಜಿ ಆತು. ಹೋಗಿ ಗೆದ್ದು ಬರತೈತಿ."

"ಏ, ಬಣ್ಣಾ ಹಸಿ ಐತಿ! ಏನ ಮಾಡ್ದಿ ಇದು?" ಕೇದಾರಿ ಅರಿವೆ ಹಿಡಿದುಕೊಂಡು ಧಾವಿಸಿದ. ಒರೆಸಲು ಬಗ್ಗಿದವನು ಹಾಗೆಯೇ ಬಗ್ಗಿ ಉಳಿದ.

ಬಾಗಿಲ ಬುಡಕ್ಕೆ ಅಡ್ಡಲಾಗಿ ಎದ್ದು ನಿಂತ ಕಬ್ಬಿಣದ ಪಟ್ಟಿ. ಅಸಲಿನಲ್ಲಿ ನಾಲ್ಕು ಬೆರಳು ಎತ್ತರ. ಎರಡೂ ತುದಿಗೆ ರಿವೀಟು. ಅಳತೆ ತೆಗೆದು ಇದ್ದ ಹಾಗೆಯೇ ಮಾಡಿದ್ದ. ಬಾಗಿಲು ಅಂದ ಮೇಲೆ ಅದು ಇರುವುದೇ ಅಲ್ಲವೆ ಎಂದು ಕೈ ತಾನಾಗಿ ಮಾಡಿತ್ತು. ಹತ್ತರಗಿಯಲ್ಲಿ ಅದನ್ನು ದಾಟಿಯೇ ಒಳಗೆ ಹೋಗಿದ್ದ, ಒಮ್ಮೆಯೂ ತುಳಿದಿರಲಿಲ್ಲ.

ಹಾಗಾದರೆ ಹತ್ತಿಯ ಅಂಡಗಿ ಉರುಳಿಸಿ ಒಳಗೆ ತಳ್ಳುವ ಡಬ್ಬಿಗೆ ಹೊಸ್ತಿಲು ಯಾಕೆ?

ಮೂಡಲಗಿಗೆ ಫೋನು ಹಚ್ಚಿದ. ದಾದೇಸಾಬ ಆಚೆಯಿಂದ ಬಹಳ ಹೊತ್ತು ನಕ್ಕ. "ಹೊಸ್ತಿಲಾ? ನಾವೇನು ಪೂಜಿ ಮಾಡಿ ಮಾಲ ತುಂಬತಿದ್ವೇನೋ?" ಆಮೇಲೆ ದನಿ ತಗ್ಗಿಸಿದ. "ತಡೀಪಾ, ಸುಳ್ಳ ಹೇಳಬಾರದು. ಕಾಲಿಗೆ ಏನೂ ತಟ್ಟಿದ ನೆನಪಿಲ್ಲ. ಆದ್ರ ನನ್ನ ನೆನಪು ಈಗ ಸೋರಾಕತ್ತೈತಿ. ನಾ ಅಂದೀನಿ ಅಂತ ನೀ ಬರಕೊಂಡು ಕುಂಡ್ರಬ್ಯಾಡ."

ಯಲ್ಲವ್ವ ಎಲ್ಲವನ್ನೂ ಕೇಳುತ್ತ ನಿಂತಿದ್ದಳು. "ಇರ್ಲಿ ಬಿಡ್ರಿ. ಫೋಟೊದಾಗ ಐತಿ, ಅವರೂ ನೋಡಿ ಹೂಂ ಅಂದಾರ. ತಗದ್ರ ಮತ್ತ ಫೋಟೊಕ್ಕ ಕೂಡೂದಿಲ್ಲ, ಆಟಿಗಿ ಅಂತ ಹೊರಗ ಇಡತಾರ. ಯಾರಿಗೆ ಗೊತ್ತಾಗತೈತಿ?"

ಅವಳು ಹೇಳಿದ್ದು ಸರಿಯೇ. ಪಟ್ಟಿ ಇದ್ದರೆ ಹಗ್ಗದ ಒಳಗೆ. ತೆಗೆದರೆ ಏನು ಗತಿಯೋ ಗೊತ್ತಿಲ್ಲ. ಕೇದಾರಿ ಗೂಡಿನ ಕಡೆ ಕೈ ತೋರಿಸಿದ.

"ನಮ್ಮಪ್ಪ ಪೇರಲ ಹಣ್ಣಿಗೆ ಮಾವಿನ ತೊಟ್ಟು ಹಚ್ಚತಿದ್ನೇನು?"

ಮರುದಿನ ಅವನು ಹತ್ತರಗಿಯ ಬೇವಿನ ಮರದ ಕೆಳಗಿದ್ದ.

"ಯವ್ವಾ, ಈ ಹೊಸ್ತಿಲ ಡಬ್ಬಿ ತಂದಾಗ ಇತ್ತೇನ್ರಿ?"

ದುಂಡವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಅದು ನಾ ಹಾಕಿಸಿದ್ದು! ಅವರು ಡಬ್ಬಿ ತಂದು ಇಳಿಸಿ, ನೋಡು ನಿನ್ನ ಮನಿ ಅಂದ್ರು. ನೋಡತೀನಿ, ಬಾಗಲಕ್ಕ ಹೊಸ್ತಿಲ ಇಲ್ಲ. ಸಪಾಟ. ದನಾ ಬಂದಂಗ ಬಂದು, ದನಾ ಹ್ವಾದಂಗ ಹೋಗೂದು ಇದರಾಗ? ನಾ ಒಲಿ ಹೂಡಂಗಿಲ್ಲ ಅಂದ್ನಿ. ಹಟಾ ಹಿಡದು ಬೇವಿನ ಬುಡಕ್ಕ ಕುಂತ್ನಿ. ಆವಾಗ ಕಂಬಾರನ್ನ ಕರಕೊಂಡ ಬಂದು ಹಾಕಿಸಿದ್ರು. ಆ ಕಂಬಾರನೂ ಹಟಮಾರಿ. ಉಳದ ಮೊಳಿ ಹೆಂಗ ಅದಾವ ಹಂಗ ಇರಬೇಕು, ಕಣ್ಣಿಗೆ ಬಡೀಬಾರದು ಅಂತ ಅಂಥಾವ ಗುಂಡು ತಲಿ ಮಾಡಿ ಕುಂಡ್ರಿಸಿದ."

ಕೇದಾರಿಗೆ ಮೈ ಹಗುರವಾಯಿತು. ಆ ಕಂಬಾರನನ್ನು ಕಾಣಬೇಕು ಅನ್ನಿಸಿತು. ಆದರೆ ಅವನು ಈಗಿರಲಿಲ್ಲ. ದುಂಡವ್ವನ ಗಂಡನೂ ಇರಲಿಲ್ಲ. ಬಾಯಿಮಾತೊಂದನ್ನೇ ಒಯ್ದರೆ ಪರೀಕ್ಷಕರು ಏನನ್ನುತ್ತಾರೆಂದು ಅವನಿಗೆ ಗೊತ್ತಿತ್ತು.

ಬಣ್ಣದವನ ಬುದ್ಧಿ ಓಡಿತು. ಡಬ್ಬಿಯ ಮೈಮೇಲೆ ಹಸಿರು, ಅದರ ಕೆಳಗೆ ನೀಲಿ, ಎಲ್ಲದರ ಕೆಳಗೆ ರೈಲ್ವೆಯವರ ಇಟ್ಟಿಗೆ ಕೆಂಪು. ಮೂಲೆಯಲ್ಲಿ ಚಕ್ಕೆ ಎದ್ದ ಕಡೆ ಅದನ್ನು ಅವನು ಕಂಡಿದ್ದ. ಹೊಸ್ತಿಲು ದುಂಡವ್ವ ಬಂದ ಮೇಲಿನದಾದರೆ ಅದರ ಮೇಲೆ ಹಸಿರಿರಬೇಕು, ನೀಲಿಯಿರಬೇಕು, ಕೆಂಪು ಇರಬಾರದು. ಒಂದು ಕಡೆ ಕೆರೆದು ನೋಡಿದರೆ ಸಾಕು.

ಚೀಲದಿಂದ ಸಣ್ಣ ಚಾಕು ತೆಗೆದ. ದುಂಡವ್ವ ಅಡ್ಡ ಬಂದಳು.

"ಏನ ಮಾಡಾಕತ್ತಿ? ಹೊಸ್ತಿಲಕ್ಕ ಚೂರಿ ಹಚ್ಚತಿಯೇನು?"

"ಒಂದು ಉಗುರಿನಷ್ಟ ಯವ್ವಾ…"

"ಉಗುರಿನಷ್ಟ ಇಲ್ಲ, ಕೂದಲಿನಷ್ಟ ಇಲ್ಲ. ನಿಮ್ಮ ಮನ್ಯಾಗ ಹಚ್ಚತಾರೇನು?"

ಕೇದಾರಿಯ ಚಾಕು ಹಿಡಿದ ಕೈ ಆಗಲೇ ಹಿಂದಕ್ಕೆ ಬಂದಿತ್ತು. ಅವಳು ಹೂಂ ಅಂದಿದ್ದರೂ ತನ್ನ ಕೈ ಏಳುತ್ತಿರಲಿಲ್ಲ ಎಂದು ಅವನಿಗೇ ತಿಳಿಯಿತು. ಚಾಕುವನ್ನು ಚೀಲಕ್ಕೆ ಹಾಕಿ, ಹೋಗಿ ಮರದ ಬುಡಕ್ಕೆ ಕೂತ. ಹೋದ ವರ್ಷದ ಆಟಿಕೆ ಮೇಜಿನ ಸಂಗತಿಯನ್ನು ಮೊದಲ ಸಲ ಹೊರಗಿನವರ ಮುಂದೆ ಹೇಳಿದ. ಪ್ಲಾಸ್ಟಿಕ್ ಬಸ್ಸು, ಕಳಚಿದ ಗಾಲಿ.

ಕೇಳುತ್ತ ದುಂಡವ್ವನ ಮೂಗಿನ ಹೊಳ್ಳೆ ಅರಳಿತು.

"ನನ್ನ ಡಬ್ಬೀಗಿ ಆಟಿಗಿ ಅಂದ್ರಾ ಅವರು?"

"ಆಗಿನದು ನಿಮ್ಮದಲ್ರಿ ಯವ್ವಾ, ಅದು ನನ್ನ ನೆನಪಿಂದು."

"ಈಗಿಂದು ನಂದು ಹೌದಲ್ಲೊ? ನಾಳಿ ಮುಂಜಾನೆ ಬಾ. ನಾಳಿ ಅಮಾಸಿ, ನಾ ಹೆಂಗೂ ತೊಳೀತೀನಿ. ನಾ ತಿಕ್ಕೂದು ಯಾರ ಬ್ಯಾಡ ಅಂತಾರ? ನೀ ಬಾಜೂಕ ಕುಂತು ನೋಡು."

ಮರುದಿನ ಅವಳು ತೆಂಗಿನ ನಾರು, ಬೂದಿ, ಬಿಸಿನೀರು ಇಟ್ಟುಕೊಂಡು ಹೊಸ್ತಿಲ ಮುಂದೆ ಕೂತಳು. ಎಷ್ಟೋ ವರ್ಷಗಳ ಅರಿಷಿಣ ಮೊದಲು ಹೋಯಿತು. ಎಡತುದಿಯಲ್ಲಿ ನೀರು ನಿಂತು ಬಣ್ಣ ಮೊದಲೇ ಉಬ್ಬಿತ್ತು. ಅಲ್ಲೇ ಬಲ ಹಾಕಿ ತಿಕ್ಕಿದಳು. ಹಸಿರು ಚಕ್ಕೆ ಎದ್ದಿತು. ನೀಲಿ ಕಂಡಿತು. ಕೇದಾರಿ ಬಗ್ಗಿದ. ನೀಲಿಯೂ ಎದ್ದಿತು. ಅದರ ಕೆಳಗೆ ಬರಿ ಕಬ್ಬಿಣ, ಕಪ್ಪಗೆ, ಒದ್ದೆಯಾಗಿ. ಅದಕ್ಕೆ ತಾಗಿದ ಬಾಗಿಲ ಕಂಬದಲ್ಲಿ, ಅವಳ ನಾರು ತಾಗಿದ ಕಡೆ, ಹಸಿರು, ನೀಲಿ, ಕೆಂಪು ಮೂರೂ ಒಂದರ ಮೇಲೊಂದು ಮೆಟ್ಟಿಲಿನ ಹಾಗೆ ನಿಂತಿದ್ದವು.

ಅವನು ಫೋಟೊ ತೆಗೆದ. ಹೊಸ್ತಿಲನ್ನು ಮಾತ್ರ ಮುಟ್ಟಲಿಲ್ಲ.

"ಸಿಕ್ಕತೇನು?"

"ಸಿಕ್ಕತ್ರಿ ಯವ್ವಾ."

"ಹಂಗಾರ ನಾನೂ ಬರತೀನಿ ಘಟಪ್ರಭಾಕ್ಕ. ಬಸ್ಸಿನ್ಯಾಗ ಕರಕೊಂಡ ಹೋಗಂತ ಮಗನಿಗೆ ಹೇಳತೀನಿ."

ಮನೆಗೆ ಬಂದು ಕೇದಾರಿ ಡಬ್ಬಿಯ ಬಾಗಿಲ ಪಟ್ಟಿಯನ್ನು ಬ್ಲೇಡಿನಿಂದ ಬಿಡಿಸಿದ. ತಾನು ಮಾಡಿದ ಹೊಸ್ತಿಲಿಗೆ ಕೈ ತಡೆಯಲಿಲ್ಲ. ಆ ಜಾಗವನ್ನು ಸಪಾಟ ಮಾಡಿ, ಅಂಡಗಿ ಉರುಳಿ ಉರುಳಿ ಸವೆದ ಹಾಗೆ ಅಂಚಿಗೆ ಮಾಸಿದ ಬಣ್ಣ ಕೊಟ್ಟ. ಯಲ್ಲವ್ವ ಬಂದು ನೋಡಿ, ಉಳಿದ ಗಸಗಸೆಯನ್ನು ಒಳಗೆ ಒಯ್ದಿಟ್ಟಳು.

ಪ್ರದರ್ಶನದ ದಿನ ಪರೀಕ್ಷಕರು ಒಂದು ಕೈಯಲ್ಲಿ ಫೋಟೊ, ಒಂದು ಕೈಯಲ್ಲಿ ಭೂತಕನ್ನಡಿ ಹಿಡಿದು ಬಂದರು. ಚಾವಣಿ ನೋಡಿದರು. ತಗಡಿನ ಅಂಚು ನೋಡಿದರು. ರಿವೀಟು ಎಣಿಸತೊಡಗಿದವರು ಅರ್ಧಕ್ಕೆ ಬಿಟ್ಟು, "ಇವು ಏನ್ರಿ ಇವು?" ಅಂದರು.

"ಗಸಗಸಿರಿ."

ಅವರು ತಮ್ಮ ಜೊತೆಯ ಇಬ್ಬರನ್ನೂ ಕರೆದು ತೋರಿಸಿದರು. ಆಮೇಲೆ ಬಾಗಿಲಿಗೆ ಬಂದರು. ಅಲ್ಲಿ ಕನ್ನಡಿ ನಿಂತಿತು. ಫೋಟೊ ನೋಡಿದರು, ಡಬ್ಬಿ ನೋಡಿದರು.

"ಫೋಟೊದಾಗ ಇಲ್ಲೊಂದು ಪಟ್ಟಿ ಐತಿ. ಇದರಾಗ ಇಲ್ಲ."

"ಇಲ್ರಿ. ತಗದೀನಿ."

"ಇದ್ದದ್ದನ್ನ ಬಿಟ್ರ ಹೆಂಗ್ರಿ ಚಿತ್ರಗಾರ್ರ? ಇಷ್ಟು ಮಾಡಿ ಇಲ್ಲಿ ಬಂದು…" ಅವರ ದನಿಯಲ್ಲಿ ಖರೆ ಬೇಸರವಿತ್ತು. "ನೀವು ಕಳಿಸಿದ ಆಧಾರಕ್ಕ ನೀವ ಕೂಡಲಿಲ್ಲಂದ್ರ ನಾ ಒಳಗ ಇಡಾಕ ಬರೂದಿಲ್ಲ."

"ಅದು ರೈಲ್ವೆಯವರದಲ್ರಿ. ಹೊಸ್ತಿಲ ಅದು. ಆಮ್ಯಾಲೆ ಅದ್ರಾಗ ಮನಿ ಮಾಡಿದಾವರು ಹಾಕಿಸಿದ್ದು." ಕೇದಾರಿ ಜೇಬಿನಿಂದ ಹೊಸ ಫೋಟೊಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟ. "ಇದು ಬಾಗಲ ಕಂಬ. ಹಸರು, ನೀಲಿ, ಕೆಂಪ. ಇದು ಹೊಸ್ತಿಲ. ಹಸರು, ನೀಲಿ, ಅದರ ಕೆಳಗ ಬರೆ ಕಬ್ಬಿಣ. ಕೆಂಪ ಬಣ್ಣಾ ಬಳದಾವರು ಇದನ್ನ ನೋಡೇ ಇಲ್ರಿ. ಅವರು ಹ್ವಾದ ಮ್ಯಾಲ ಬಂದೈತಿ ಇದು."

ಪರೀಕ್ಷಕರು ಕನ್ನಡಿಯನ್ನು ಫೋಟೊದ ಮೇಲೆ ಹಿಡಿದರು. ಬಹಳ ಹೊತ್ತು ತೆಗೆಯಲಿಲ್ಲ. ಮತ್ತೊಬ್ಬರಿಗೆ ಕೊಟ್ಟರು. ಅವರು ಮೂರನೆಯವರಿಗೆ ಕೊಟ್ಟರು.

"ಒಂದು ಮಾತ ಹೇಳ್ರಿ," ಮೂರನೆಯವರು ಮೆಲ್ಲಗೆ ಅಂದರು. "ಹೋದ ತಿಂಗಳ ನಾವೂ ನೋಡಿದ್ವಲ್ಲ ಇದನ್ನ. ಮಾಲಗಾಡಿಗೆ ಹೊಸ್ತಿಲ ಯಾಕಂತ ಒಬ್ಬರಿಗೂ ಹೊಳೀಲಿಲ್ಲಲಾ?"

ಮೊದಲನೆಯ ಪರೀಕ್ಷಕರಿಗೆ ನಗು ಬಂತು. ತಡೆಯಲು ನೋಡಿದರು, ಆಗಲಿಲ್ಲ. "ಹೆಂಗ ಹೊಳೀಬೇಕ್ರಿ? ಮೂವತ್ತು ವರ್ಷ ಡಬ್ಬಿ ನೋಡೀನಿ, ಅರವತ್ತೈದು ವರ್ಷ ಹೊಸ್ತಿಲ ದಾಟೀನಿ. ಕಣ್ಣ ಯಾವುದನ್ನ ನಂಬತೈತಿ?"

ಅವರು ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಕೇದಾರಿಗೆ ಹೋದ ವರ್ಷದ ಆ ನಡಿಗೆ ಕಣ್ಣ ಮುಂದೆ ಬಂತು. ಈ ಸಲ ಅವರು ಬಗ್ಗಿ, ಹಗ್ಗದ ಕೆಳಗೆ ನುಸುಳಿ, ಡಬ್ಬಿಯನ್ನು ಒಳಗಿನ ಮೇಜಿನ ನಡುವೆ, ಹಳಿಯ ತುಂಡಿನ ಮೇಲೆ ಇಟ್ಟರು. ಆಮೇಲೆ ಪೆನ್ನು ತೆಗೆದು ಕೇಳಿದರು.

"ಕಾರ್ಡಿನ ಮ್ಯಾಲ ಯಾವ ವರ್ಷ ಬರೀಲಿ?"

"ಸಾವಿರದ ಒಂಬೈನೂರಾ ಎಪ್ಪತ್ತು. ದಾದೇಸಾಬ ಕಾಕಾ ಹತ್ತಿ ತುಂಬತಿದ್ದ ವರ್ಷ."

"ಮಾಡಿದವರು?"

"ಕೇದಾರಿ ಚಿತ್ರಗಾರ, ಗೋಕಾಕ. ಚಿತ್ರಗಾರ ಅನ್ನೂದು ದೊಡ್ಡ ಅಕ್ಷರದಾಗ ಬರೀರಿ."

ಮಧ್ಯಾಹ್ನದ ಹೊತ್ತಿಗೆ ಸಭಾಂಗಣ ತುಂಬಿತು. ಯಲ್ಲವ್ವ ಹಗ್ಗದ ಪಕ್ಕದಿಂದ ಅಲುಗಲಿಲ್ಲ. ಕೇಳಿದವರಿಗೆ, ಕೇಳದವರಿಗೆ ಗಸಗಸೆಯ ಕಥೆ ಹೇಳುತ್ತಿದ್ದಳು. ಕೇದಾರಿಗೆ ಒಂದೇ ಕಷ್ಟವಾಯಿತು. ಜೀವಮಾನವೆಲ್ಲ ಗಿರಾಕಿಗಳಿಗೆ ಹಿಡೀರಿ, ಮುಟ್ಟಿ ನೋಡ್ರಿ ಅಂದವನು ಈಗ ಮುಟ್ಟಬ್ಯಾಡ್ರಿ ಅನ್ನಬೇಕಿತ್ತು. ಮೊದಮೊದಲು ಬಾಯಿ ತೊದಲಿತು. ಆಮೇಲೆ ರುಚಿ ಹತ್ತಿತು.

ದುಂಡವ್ವ ಇಳಕಲ್ ಸೀರೆ ಉಟ್ಟು, ಮಗನನ್ನು ಹಿಂದೆ ಬಿಟ್ಟು, ಜನರನ್ನು ಮೊಣಕೈಯಿಂದ ಸರಿಸುತ್ತ ಬಂದಳು. ಹಗ್ಗದ ಮುಂದೆ ನಿಂತು ಡಬ್ಬಿ ನೋಡಿದಳು. ತನ್ನ ಡಬ್ಬಿ, ಗೇಣುದ್ದ, ಕೆಂಪಗೆ, ಗಾಲಿಯ ಮೇಲೆ. ಗಾಲಿಯ ಮೇಲೆ ಅದನ್ನು ಅವಳು ಎಂದೂ ನೋಡಿರಲಿಲ್ಲ. ಬಾಯಿಗೆ ಸೆರಗು ಹಿಡಿದಳು. ಆಮೇಲೆ ಸೆರಗು ಕೆಳಗಿಳಿಯಿತು.

"ನನ್ನ ಹೊಸ್ತಿಲ ಎಲ್ಲೈತೋ?"

"ಇದು ಎಪ್ಪತ್ತರದ್ದು ಯವ್ವಾ. ಇನ್ನೂ ನೀವು ಬಂದಿಲ್ಲ."

ಅವಳು ಯೋಚನೆ ಮಾಡಿದಳು. ಒಪ್ಪಿಗೆಯಾಗಲಿಲ್ಲ ಎಂದು ಮುಖವೇ ಹೇಳುತ್ತಿತ್ತು. ಹಗ್ಗದ ಮೇಲಿಂದ ಕೈ ಚಾಚಿದಳು.

ಬಳಗದ ಕಾರ್ಯಕರ್ತೆಯೊಬ್ಬಳು ಓಡಿ ಬಂದಳು. "ಅಜ್ಜಿ, ಇದು ಮಾದರಿ ರೀ, ಮುಟ್ಟಾಕ ಬರೂದಿಲ್ಲ."

"ಅವರಿಗೆ ಬರತೈತಿ," ಕೇದಾರಿ ಗಟ್ಟಿಯಾಗಿ, ಸುತ್ತಲಿನವರಿಗೆಲ್ಲ ಕೇಳುವ ಹಾಗೆ ಅಂದ. "ಅವರ ಮನಿ ಅದು."

ಜನ ಒಂದು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟರು. ದುಂಡವ್ವ ಕಿರುಬೆರಳಿನ ತುದಿಯನ್ನು ಬಾಗಿಲ ಬುಡಕ್ಕೆ ಇಟ್ಟು, ಒಂದು ಕಂಬದಿಂದ ಇನ್ನೊಂದು ಕಂಬದವರೆಗೆ ನಿಧಾನವಾಗಿ ಎಳೆದಳು.

"ಹೌದಪಾ," ಅಂದಳು. "ಹಿಂಗ ಸಪಾಟ ಇತ್ತು. ಇದನ್ನ ನೋಡೇ ನಾ ಹಟಾ ಹಿಡದದ್ದು."